ಮೂರು ಕಾಲಿನ ಕೋಳಿ

ಈಗ ಹಮದಾನ್ ಪಟ್ಟಣದ ಪೇಟೆಯಲ್ಲಿ ಹಳೆಯ ಹಳ್ಳಿ ರತ್ನಗಂಬಳಿಗಳಿಗೆ ನೆಲದ ಮೇಲೆ ಜಾಗವಿಲ್ಲ. ಅವೆಲ್ಲ ಗೋಡೆ ಹತ್ತಿ ಕೂತಿವೆ, ಒಂದೊಂದಕ್ಕೂ ಮೇಲೊಂದು ಹಳದಿ ದೀಪ. ಅಂಗಡಿಯವನು ಎದೆಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಹೇಳುತ್ತಾನೆ: "ಇಲ್ಲೊಂದು ತಪ್ಪಿದೆ ನೋಡಿ ಸ್ವಾಮಿ. ಬೇಕಂತಲೇ ಬಿಟ್ಟಿದ್ದು. ದೇವರ ಮುಂದೆ ಸೊಕ್ಕು ತೋರಿಸಬಾರದು ಅಂತ ನಮ್ಮ ಹಳ್ಳಿ ಹೆಂಗಸರು ಒಂದೇ ಒಂದು ತಪ್ಪು ಉಳಿಸ್ತಾರೆ." ಕೊಳ್ಳಲು ಬಂದವರ ಕಣ್ಣು ತುಂಬಿ ಬರುತ್ತದೆ. ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

ಸಂಗ್‌ದರೆ ಹಳ್ಳಿಯಲ್ಲಿ ಇವನ್ನು ನೇಯುತ್ತಿದ್ದ ಹೆಂಗಸರು ಈ ಮಾತು ಕೇಳಿಸಿಕೊಂಡಿದ್ದರೆ ಮಗ್ಗದ ಹಲಗೆಯಿಂದ ಬಿದ್ದು ಬಿದ್ದು ನಗುತ್ತಿದ್ದರು. ಒಂದೇ ಒಂದಂತೆ! ಬೇಕಂತಲೇ ತಪ್ಪು ಮಾಡಲು ಅವರಿಗೆ ಪುರುಸೊತ್ತೆಲ್ಲಿತ್ತು? ಬೇಡವೆಂದರೂ ಆಗುವ ತಪ್ಪುಗಳೇ ಹಾಸಿ ಹೊದೆಯುವಷ್ಟಿದ್ದವು. ಒಲೆಯ ಮೇಲೆ ಹಾಲು ಉಕ್ಕಿದರೆ ಒಂದು ತಪ್ಪು. ಮಗು ತೊಟ್ಟಿಲಿನಿಂದ ಬಿದ್ದರೆ ಇನ್ನೊಂದು. ಗಂಡ ಹೇಳದೆ ಕೇಳದೆ ಊಟಕ್ಕೆ ನೆಂಟರನ್ನು ಕರೆತಂದರೆ ಒಂದು ಸಾಲು ಪೂರ್ತಿ ಹಾಳು. ಅತ್ತೆಯೊಡನೆ ಜಗಳವಾದ ದಿನವಂತೂ ಹೂಬಳ್ಳಿ ನೇರವಾಗಿ ಅಂಚಿನೊಳಕ್ಕೇ ನುಗ್ಗುತ್ತಿತ್ತು. ಅವರಲ್ಲೊಬ್ಬಳಾದ ನುಸ್ರತ್ ನೇಯ್ದ ಗಂಬಳಿಗಳಲ್ಲಿ ಅಂಚಿಗೆ ನುಗ್ಗಿದ ಬಳ್ಳಿಗಳನ್ನು ನೋಡುತ್ತ ಹೋದರೆ ಅವಳ ಸಂಸಾರದ ಕಥೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಆದರೂ ಹೇಳುತ್ತೇನೆ.

ಹಮದಾನಿಗೆ ಲಾರಿಗಳು ಓಡಾಡಲು ಶುರುವಾಗುವುದಕ್ಕೂ ಮುಂಚೆ ನುಸ್ರತ್ ಗುಡ್ಡದಾಚೆಯ ಊರಿನಿಂದ ಹೇಸರಗತ್ತೆಯ ಮೇಲೆ ಸಂಗ್‌ದರೆಗೆ ಸೊಸೆಯಾಗಿ ಬಂದಳು. ಅವಳ ಗಂಡ ಯಾದೊಲ್ಲಾ. ಅವನ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಒಳ್ಳೆಯವನು, ಕುರಿ ಕಾಯುತ್ತಿದ್ದ, ಕುರಿಗಳಿಗೂ ಅವನಿಗೂ ಚೆನ್ನಾಗಿ ಹೊಂದಿಕೆಯಿತ್ತು. ಮನೆಯ ಯಜಮಾನಿಕೆ ಅವನ ತಾಯಿ ತಾವೂಸ್ ಖಾನುಮಳದು. ಖಾನುಂ ಎಂದರೆ ಅಮ್ಮನವರು, ತಾವೂಸ್ ಎಂದರೆ ನವಿಲು. ಹೆಸರಿಟ್ಟವರು ಮಗುವಿನ ಮುಖ ನೋಡಿ ಇಟ್ಟಿರಬೇಕು, ದನಿ ಕೇಳಿ ಇಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ.

ಮದುವೆಯ ಡೋಲು ನಿಂತ ಮರುದಿನವೇ ಸೊಸೆಯನ್ನು ಮಗ್ಗಕ್ಕೆ ಹತ್ತಿಸುವುದು ಆ ಊರಿನ ಪದ್ಧತಿ. ಮಗ್ಗ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ, ಅದರ ಮುಂದೆ ಇಬ್ಬರು ಕೂರುವ ಹಲಗೆ. ಬಲಗಡೆ ಮನೆಯೊಡತಿ, ಎಡಗಡೆ ಸೊಸೆ. ಕಾಗದದ ಮೇಲೆ ಬರೆದ ಚಿತ್ತಾರವೆಂಬುದೇ ಇಲ್ಲ. ಮರ, ಹೂವು, ಹಕ್ಕಿ ಎಲ್ಲವೂ ಬಲಗಡೆ ಕೂತವಳ ತಲೆಯೊಳಗೆ. ಅವಳು ಬಣ್ಣ ಕೂಗುತ್ತಾಳೆ, ತನ್ನರ್ಧದಲ್ಲಿ ತಾನೂ ಗಂಟು ಹಾಕುತ್ತಾಳೆ. ಎಡಗಡೆಯವಳು ಬಾಯಿ ಮುಚ್ಚಿಕೊಂಡು ಅದನ್ನೇ ಈ ಕಡೆ ಹಾಕಬೇಕು. ಗಂಟು ಹಾಕುವುದು ನುಸ್ರತಳಿಗೆ ತವರಿನಿಂದಲೇ ಬರುತ್ತಿತ್ತು. ಬಾಯಿ ಮುಚ್ಚಿಕೊಳ್ಳುವುದು ಬರುತ್ತಿರಲಿಲ್ಲ.

ಮೊದಲ ದಿನ ಅವಳು ಹಾಕಿದ ಮೊದಲ ಗಂಟನ್ನು ತಾವೂಸ್ ಖಾನುಂ ಬಗ್ಗಿ, ಬೆರಳಲ್ಲಿ ಸವರಿ ನೋಡಿದಳು.

"ಇದೇನೇ ಇದು, ಗಂಟೋ ಕುರಿ ಹಿಕ್ಕೆಯೋ?"

"ನಿಮ್ಮ ಮನೇಲಿ ಯಾವುದಕ್ಕೆ ಬೆಲೆ ಜಾಸ್ತಿ ಅಂತ ಗೊತ್ತಿರ್ಲಿಲ್ಲ ಅತ್ತೆ" ಎಂದಳು ಹೊಸ ಸೊಸೆ.

ಅಲ್ಲಿಗೆ ಇಬ್ಬರಿಗೂ ಒಬ್ಬರ ಬಗ್ಗೆ ಒಬ್ಬರಿಗೆ ತಿಳಿಯಬೇಕಾದದ್ದೆಲ್ಲ ತಿಳಿಯಿತು. ಆಮೇಲಿನ ವರ್ಷಗಳಲ್ಲಿ ನಡೆದದ್ದೆಲ್ಲ ಅದರ ವಿಸ್ತರಣೆ. ಮಕ್ಕಳಾದವು, ಮಕ್ಕಳು ಬೆಳೆದು ಬೇರೆ ಊರುಗಳಿಗೆ ಹೋದರು, ಹಲಗೆಯ ಮೇಲಿನ ಇಬ್ಬರು ಮಾತ್ರ ಕದಲಲಿಲ್ಲ. ತಾವೂಸ್ ಖಾನುಂ ಕಬ್ಬಿಣದ ಬಾಚಣಿಗೆಯಿಂದ ಸಾಲು ಕುಟ್ಟಿದರೆ ಪಕ್ಕದ ಮನೆಯ ಕಪಾಟಿನ ಲೋಟ ಅಲುಗುತ್ತಿತ್ತು. ನುಸ್ರತಳದು ಹಗುರ ಕೈ. ಬಲಗಡೆ ಬಿಗಿ, ಎಡಗಡೆ ಸಡಿಲ. ಹಾಗಾಗಿ ಆ ಮನೆಯ ಗಂಬಳಿಗಳೆಲ್ಲ ಒಂದು ಮಗ್ಗುಲಿಗೆ ವಾಲುತ್ತಿದ್ದವು. ಬಿಚ್ಚಿ ಹಾಸಿದರೆ ಒಂದು ತುದಿ ಮೆಕ್ಕಾದ ಕಡೆಗಿದ್ದರೆ ಇನ್ನೊಂದು ದನದ ಕೊಟ್ಟಿಗೆಯ ಕಡೆಗೆ.

"ನಿನ್ನಿಂದ ವಾಲಿದ್ದು."

"ನೀವು ಎಳೆದದ್ದಕ್ಕೆ ವಾಲಿದ್ದು."

ನಡುವೆ ಒಂದು ಕೋಳಿಯ ವಿಷಯ. ತಾವೂಸ್ ಖಾನುಮಳ ಪ್ರತಿ ಗಂಬಳಿಯಲ್ಲೂ ಬಲಗಡೆಯ ಮರದ ಬುಡದಲ್ಲಿ ಒಂದು ಪುಟ್ಟ ಕೆಂಪು ಕೋಳಿ ಇರುತ್ತಿತ್ತು, ಅದಕ್ಕೆ ಮೂರು ಕಾಲು. ಬಲಗಡೆಗೆ ಬಂದ ಹೊಸದರಲ್ಲಿ ಒಮ್ಮೆ ಕಿಟಕಿಯಾಚೆಯ ನೆರೆಯವಳ ಜೊತೆ ಜಗಳವಾಡುತ್ತ ನೇಯುವಾಗ ಲೆಕ್ಕ ತಪ್ಪಿ ಹೆಚ್ಚಿಗೊಂದು ಕಾಲು ಬಂತು. ತಪ್ಪಾಯಿತು ಎನ್ನುವ ಜಾಯಮಾನ ಅವಳದಲ್ಲ. ಮುಂದಿನ ಗಂಬಳಿಯಲ್ಲೂ ಮೂರೇ ಹಾಕಿದಳು, ಅದರ ಮುಂದಿನದರಲ್ಲೂ ಅಷ್ಟೇ. "ನಮ್ಮನೆ ಕೋಳಿಗಿರೋದೇ ಮೂರು, ಏನೀಗ?" ವರ್ಷವರ್ಷ ಗಂಬಳಿ ಕೊಳ್ಳಲು ಬರುವ ಹಮದಾನಿನ ದಲ್ಲಾಳಿ ಮಿರ್ಜಾ ಅಸ್ಕರ್ ಈ ಕೋಳಿಗೆ ಸೋತುಹೋಗಿದ್ದ. ಸಾವಿರಾರು ವರ್ಷಗಳ ಹಿಂದೆ ಬೆಂಕಿಯನ್ನು ಪೂಜಿಸುತ್ತಿದ್ದವರ ಗುರುತು ಇದು ಎಂದು ಪಟ್ಟಣದಲ್ಲಿ ಹೇಳಿಕೊಂಡು ತಿರುಗುತ್ತಿದ್ದನಂತೆ. ಆ ನೆರೆಯವಳನ್ನು ಕಂಡಿದ್ದವರಿಗೆ ಬೆಂಕಿಯ ಮಾತು ಅಷ್ಟೇನೂ ಸುಳ್ಳೆನಿಸುತ್ತಿರಲಿಲ್ಲ.

ಮನೆಯವರು ಕೂತು ಉಣ್ಣುವ ಹಳೇ ಗಂಬಳಿಯ ಮೇಲೂ ಮಿರ್ಜಾನ ಕಣ್ಣಿತ್ತು. ತಾವೂಸ್ ಖಾನುಮಳ ಅಜ್ಜಿ ನೇಯ್ದದ್ದು, ಅರ್ಧ ರೋಮ ಉದುರಿ ನೂಲು ಕಾಣುತ್ತಿತ್ತು. ಅವನು ಅದನ್ನು "ಪುರಾತನ" ಎನ್ನುತ್ತಿದ್ದ, ಬದಲಿಗೆ ಜಿಂಕೆಯ ಚಿತ್ರದ ಹೊಚ್ಚ ಹೊಸ ಯಂತ್ರದ ಗಂಬಳಿ ಕೊಡುತ್ತೇನೆ ಎನ್ನುತ್ತಿದ್ದ. "ಆ ಜಿಂಕೆಗೆ ಎಷ್ಟು ಕಾಲು?" ಎಂದು ಕೇಳುತ್ತಿದ್ದಳು ತಾವೂಸ್ ಖಾನುಂ. ನಾಲ್ಕು ಎಂದರೆ, "ಬೇಡ ಬಿಡು, ಅದರಲ್ಲೇನಿದೆ ವಿಶೇಷ."

ಇಷ್ಟು ವರ್ಷಗಳಲ್ಲಿ "ಚೆನ್ನಾಗಿದೆ" ಎಂಬ ಒಂದು ಮಾತು ಆ ಮಗ್ಗದ ಕೋಣೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ನುಸ್ರತಳಿಗೆ ಆ ಮಾತೂ ಬೇಡವಾಗಿತ್ತು. ಅವಳಿಗೆ ಬೇಕಾದದ್ದು ಬಲಗಡೆಯ ಜಾಗ. ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೂ ಎಡಗಡೆ ಕೂತು "ಎರಡು ಕೆಂಪು, ಒಂದು ನೀಲಿ" ಎಂದು ಹೇಳಿಸಿಕೊಳ್ಳುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಒಮ್ಮೆ ತಾನು ಬಣ್ಣ ಕೂಗಬೇಕು, ಈ ಮುದುಕಿ ಕೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದಳು.

ಆ ಜಾಗ ಸಿಗುವ ದಾರಿಯೂ ಪದ್ಧತಿಯಲ್ಲೇ ಇತ್ತು. ಬಲಗಡೆಯವಳ ಕಣ್ಣು ಮಂಜಾದರೆ ಅವಳು ಇಳಿಯಬೇಕು. ಯಾರೂ ದಬ್ಬುವುದಿಲ್ಲ. ಗೋಡೆಯ ಬದಿಗೆ ಮೆತ್ತನೆಯ ದಿಂಬು ಹಾಕಿ, ಕೈಗೊಂದು ಕದಿರು ಕೊಟ್ಟು, ಉಣ್ಣೆ ನೂಲಲು ಕೂರಿಸುತ್ತಾರೆ. ಆಮೇಲೆ ಎಲ್ಲರೂ ತುಂಬಾ ಮರ್ಯಾದೆ ಕೊಡುತ್ತಾರೆ, ಅದೇ ದೊಡ್ಡ ಶಿಕ್ಷೆ. ತಾವೂಸ್ ಖಾನುಂ ತನ್ನ ಅತ್ತೆಯನ್ನು ಹೀಗೆಯೇ ಪ್ರೀತಿಯಿಂದ ಗೋಡೆಯ ಬದಿಗೆ ಕೂರಿಸಿದ್ದಳು. ಊರನ್ನೇ ಗದರುತ್ತಿದ್ದ ಆ ಹೆಂಗಸು ಅಲ್ಲಿ ಕೂತ ಮೇಲೆ ಮಾತು ಬಿಟ್ಟಳು, ಚಳಿ ಮುಗಿಯುವಷ್ಟರಲ್ಲಿ ಊಟವನ್ನೂ ಬಿಟ್ಟಳು. ಏಪ್ರಿಕಾಟ್ ಮರ ಹೂ ಬಿಡುವಾಗ ಅವಳನ್ನು ಮಣ್ಣು ಮಾಡಿದರು. ತಾವೂಸ್ ಖಾನುಂ ಅದನ್ನು ಮರೆತಿರಲಿಲ್ಲ. "ನನ್ನನ್ನ ಮಗ್ಗದಿಂದ ಇಳಿಸೋ ದಿನ ಬಿಳಿ ಬಟ್ಟೆನೂ ಜೊತೆಗೇ ತನ್ನಿ, ಎರಡೆರಡು ಸಲ ಓಡಾಟ ಯಾಕೆ" ಎನ್ನುತ್ತಿದ್ದಳು. ತಮಾಷೆಗೆ ಹೇಳಿದ್ದಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಹೊಸ ಗಂಬಳಿ ಮೊಣಕಾಲೆತ್ತರ ಬಂದಿತ್ತು. ಹೊರಗೆ ಹಿಮ. ತಾವೂಸ್ ಖಾನುಂ "ಕೆಂಪು" ಎಂದು ಕೂಗಿದಳು, ಕೈ ಹೋಗಿ ಹಸಿರು ನೂಲು ಹಿಡಿಯಿತು, ಹಸಿರನ್ನೇ ಗಂಟು ಹಾಕಿತು. ನುಸ್ರತ್ ಓರೆಗಣ್ಣಲ್ಲಿ ನೋಡಿದಳು. ಮತ್ತೆ "ಕೆಂಪು". ಮತ್ತೆ ಹಸಿರು.

ನುಸ್ರತಳ ಬಾಯಿಗೆ ಒಂದಲ್ಲ, ಹತ್ತು ಚುಚ್ಚುಮಾತು ಒಟ್ಟಿಗೇ ಬಂದವು. ಇಂಥ ದಿನಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಲ್ಲವೇ? ಕತ್ತು ತಿರುಗಿಸಿದಳು. ಮುದುಕಿ ನೂಲಿನ ಉಂಡೆಯನ್ನು ಮೂಗಿನ ಹತ್ತಿರ ಹಿಡಿದು ಬಣ್ಣ ಪತ್ತೆಹಚ್ಚಲು ಮೂಸುತ್ತಿದ್ದಳು. ಅಕ್ರೋಟಿನ ಸಿಪ್ಪೆಯಲ್ಲಿ ಕುದಿಸಿದ ಕಂದು ನೂಲು ಕೈಗೆ ಒರಟು, ಮಜ್ಜಿಗೆಯಲ್ಲಿ ನೆನೆಸಿದ ಕೆಂಪಿಗೆ ಹುಳಿ ವಾಸನೆ. ಆದರೆ ಆ ಚಳಿಗಾಲ ಅವಳಿಗೆ ನೆಗಡಿ ಬೇರೆ ಹಿಡಿದಿತ್ತು. ಕಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆಯಂಥ ಪೊರೆ. ನುಸ್ರತ್ ನೋಟ ಹೊರಳಿಸಿದಳು. ಗೋಡೆಯ ಬದಿಯ ಖಾಲಿ ಮೂಲೆ ಕಣ್ಣಿಗೆ ಬಿತ್ತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡಳು. ಅವಳ ಜೀವಮಾನದಲ್ಲಿ ಇದೇ ಮೊದಲು.

ಮಧ್ಯಾಹ್ನ ಸಾರು ರೊಟ್ಟಿ ಉಂಡು ಅತ್ತೆ ಪಕ್ಕದ ಕೋಣೆಯಲ್ಲಿ ಮಲಗಿದಳು. ಗೊರಕೆ ಕೇಳಿಸುತ್ತಲೇ ನುಸ್ರತ್ ಬಲಗಡೆಗೆ ಸರಿದಳು. ಹಸಿರು ಗಂಟುಗಳನ್ನು ಒಂದೊಂದಾಗಿ ಕೊಕ್ಕೆಚಾಕುವಿನಿಂದ ಬಿಚ್ಚಿ, ಕೆಂಪು ಹಾಕಿದಳು. ಅದೂ ತನ್ನ ಕೈಯಲ್ಲಲ್ಲ. ಅತ್ತೆಯ ಹಾಗೆ ನೂಲನ್ನು ಕೆಳಕ್ಕೆ ಜಗ್ಗಿ, ಅತ್ತೆಯ ಹಾಗೆ ಗಂಟನ್ನು ಬಲಕ್ಕೆ ವಾಲಿಸಿ, ಸದ್ದಾಗದಂತೆ ಬಾಚಣಿಗೆಯ ಮೇಲೆ ಮೈಭಾರ ಬಿಟ್ಟು ಬಿಗಿ ಮಾಡಿದಳು. ಯಾಕೆ ಮಾಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಳು. ಮಿರ್ಜಾ ತಪ್ಪು ಕಂಡರೆ ಬೆಲೆ ಇಳಿಸುತ್ತಾನೆ, ಅದಕ್ಕೇ ಎಂದು ಉತ್ತರ ಕೊಟ್ಟುಕೊಂಡಳು. ಇಷ್ಟು ದಿನ ತಪ್ಪುಗಳಿಗೇ ಅವನು ದುಡ್ಡು ಕೊಡುತ್ತಿದ್ದ ಎಂಬುದು ಆಗ ನೆನಪಿಗೆ ಬರಲಿಲ್ಲ.

ಇಡೀ ಚಳಿಗಾಲ ಹೀಗೆಯೇ ನಡೆಯಿತು. ಅತ್ತೆ ಬಣ್ಣ ಕೂಗುವುದು ಒಂದಿಷ್ಟೂ ತಪ್ಪುತ್ತಿರಲಿಲ್ಲ, ತಪ್ಪುತ್ತಿದ್ದದ್ದು ಕೈಗೆ ಸಿಗುವ ಉಂಡೆ. ಬೆಳಿಗ್ಗೆ ಅವಳು ಹಾಕಿದ್ದನ್ನು ಮಧ್ಯಾಹ್ನ ಇವಳು ಬಿಚ್ಚಿ ಹಾಕಬೇಕು. ಜೊತೆಗೆ ತನ್ನರ್ಧ, ಒಲೆ, ಕೊಟ್ಟಿಗೆ. ದಣಿವಾದಷ್ಟೂ ನುಸ್ರತಳ ನಾಲಿಗೆ ಹರಿತವಾಯಿತು. ಮುದುಕಿಯೂ ಬಿಡಲಿಲ್ಲ, ದಿನದಿನಕ್ಕೂ ಹೆಚ್ಚು ಹೊತ್ತು ಮಲಗತೊಡಗಿದಳು, ಗೊರಕೆ ಸೂರು ಹಾರುವಷ್ಟು ಜೋರಾಯಿತು. ಎದ್ದು ಬಂದವಳೇ ಮಗ್ಗದ ಕೆಳಗೆ ಬಿದ್ದ ಉಣ್ಣೆಯ ಚೂರುಗಳನ್ನು ಕೈಯಾಡಿಸಿ ಬಳಿದು ದಿಂಬಿಗೆ ತುಂಬುತ್ತಿದ್ದಳು. ಅದು ಮನೆಯಲ್ಲಿ ಮೊದಲಿನಿಂದಲೂ ಅವಳದೇ ಕೆಲಸ.

"ಈ ಸಲ ಯಾಕೋ ತುಂಬಾ ನಿಧಾನ" ಎಂದ ಯಾದೊಲ್ಲಾ ಒಂದು ಸಂಜೆ ಚಹಾ ಹೀರುತ್ತ.

"ನಿನ್ನ ಹೆಂಡ್ತಿಗೆ ಹೇಳು" ಎಂದಳು ತಾಯಿ.

"ನಿಮ್ಮ ತಾಯಿಗೆ ಹೇಳಿ" ಎಂದಳು ಹೆಂಡತಿ.

ಯಾದೊಲ್ಲಾ ಎದ್ದು ಕುರಿಗಳ ಹತ್ತಿರ ಹೋದ.

ಕೋಳಿಯನ್ನು ಕೊನೆಗೆ ನುಸ್ರತಳೇ ಪೂರ್ತಿ ನೇಯಬೇಕಾಯಿತು, ಮುದುಕಿ ನೇಯ್ದದ್ದು ನೀಲಿಯೂ ಹಸಿರೂ ಕಲಸಿ ಕಪ್ಪೆಯಂತಾಗಿತ್ತು. ಎರಡು ಕಾಲು ಮುಗಿಸಿ ಚಾಕು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಇಷ್ಟು ವರ್ಷ ಯಾವ ಕಾಲನ್ನು ಆಡಿಕೊಂಡು ನಕ್ಕಿದ್ದಳೋ ಆ ಕಾಲನ್ನು ತನ್ನ ಕೈಯಾರೆ ಹಾಕಿದಳು.

ವಸಂತದ ಹೊಸವರ್ಷದ ಹಬ್ಬ ಕಳೆದು, ಹಿಮ ಕರಗಿ ದಾರಿ ತೆರೆದಾಗ ಗಂಬಳಿಯನ್ನು ಮಗ್ಗದಿಂದ ಕತ್ತರಿಸಿದರು. ದೃಷ್ಟಿಗೆಂದು ಕೆಂಡದ ಮೇಲೆ ಬೀಜ ಚಿಟಪಟಗುಟ್ಟಿಸಿ ಹೊಗೆ ಹಾಕಿದರು, ನೆರೆಯವರಿಗೆ ಒಣದ್ರಾಕ್ಷಿ ಹಂಚಿದರು. ಮಿರ್ಜಾ ಅಸ್ಕರ್ ಬಂದ. ಹೊಟ್ಟೆ ಮೊದಲು, ಅವನು ಆಮೇಲೆ. ಅಂಗಳದಲ್ಲಿ ಗಂಬಳಿ ಹಾಸಿಸಿ, ತಿರುವಿ ಹಾಕಿ, ಮಂಡಿಯೂರಿ ಹಿಂಬದಿಯ ಮೇಲೆಲ್ಲ ಹೆಬ್ಬೆರಳು ಓಡಿಸಿದ. ತಾವೂಸ್ ಖಾನುಂ ಬಾಗಿಲ ಹತ್ತಿರ ಮಣೆಯ ಮೇಲೆ ನೆಟ್ಟಗೆ ಕೂತಿದ್ದಳು. ನುಸ್ರತ್ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಇವನು ಈಗ ಕಂಡುಹಿಡಿದು ಬಾಯಿ ಬಿಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ನಾಳೆ ದಿಂಬು, ಕದಿರು, ಗೋಡೆ.

ಮಿರ್ಜಾ ತಲೆಯೆತ್ತಿದ.

"ಏನು ಕೈ ತಾವೂಸ್ ಖಾನುಂ ನಿಮ್ಮದು! ಬಲಗಡೆ ಅರ್ಧ ನೋಡಿ, ಕಬ್ಬಿಣ, ಕಬ್ಬಿಣ! ಕಣ್ಣು ಕಟ್ಟಿ ಬಿಟ್ರೂ ನಾನು ಹೇಳ್ತೀನಿ ಇದು ಯಾರ ಕೈ ಅಂತ. ವಯಸ್ಸಾದ ಹಾಗೆ ಪಳಗ್ತಾ ಇದೆ."

"ಹ್ಞೂಂ" ಎಂದಳು ತಾವೂಸ್ ಖಾನುಂ.

"ಬೇಜಾರು ಮಾಡ್ಕೋಬೇಡ ನುಸ್ರತ್ ತಾಯಿ" ಎಂದು ಅವನು ಚಹಾ ಎತ್ತಿಕೊಂಡು, ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಇಟ್ಟುಕೊಂಡ. "ನಿನ್ನ ಎಡಗಡೆ ಇನ್ನೂ ಹಸಿ. ಇಷ್ಟು ವರ್ಷ ಇಂಥವರ ಪಕ್ಕ ಕೂತೂ ಕೈ ಪಳಗಲಿಲ್ಲವಲ್ಲ. ಎಲ್ಲರಿಗೂ ಒಲಿಯೋ ವಿದ್ಯೆ ಅಲ್ಲ ಬಿಡು."

ನುಸ್ರತಳ ಮುಖ ಕೆಂಪಾಯಿತು. ಎರಡೂ ಕಡೆ ನನ್ನದೇ ಕಣಯ್ಯಾ ಎನ್ನಲು ಅರ್ಧ ಉಸಿರು ಸಾಕಿತ್ತು. ಆ ಒಂದು ಮಾತಿಗೆ ಬಲಗಡೆಯ ಜಾಗ ಸಿಗುತ್ತಿತ್ತು, ಇಡೀ ಊರಿನ ಮುಂದೆ ಗೆದ್ದಂತಾಗುತ್ತಿತ್ತು. ಅವಳು ಬಾಗಿಲ ಕಡೆ ನೋಡಿದಳು. ಮುದುಕಿಯ ಕೈ ಸೆರಗಿನ ತುದಿಯನ್ನು ಗಂಟು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ಮಾಡುತ್ತಿತ್ತು.

"ನನ್ನ ಕೈ ಅಷ್ಟೇ ಮಿರ್ಜಾ, ಏನು ಮಾಡೋದು" ಎಂದಳು ನುಸ್ರತ್.

"ಏನಂದೆ?" ತಾವೂಸ್ ಖಾನುಂ ಮಣೆಯಿಂದ ಎದ್ದಳು. "ಮಿರ್ಜಾ, ಇನ್ನೊಂದು ಸಲ ಹೇಳು. ಬಲಗಡೇದು ನನ್ನ ಕೈನಾ?"

"ಸಂಶಯವೇ ಇಲ್ಲ. ಕೋಳಿ ನೋಡಿ, ಮೂರು ಕಾಲು! ಬೇರೆ ಯಾರು ಹಾಕ್ತಾರೆ?"

"ನಿನಗಿಂತ ನಾನೇ ವಾಸಿ ಕಣೋ. ನನಗೆ ಕಣ್ಣು ಮಾತ್ರ ಇಲ್ಲ." ಒಣದ್ರಾಕ್ಷಿ ತಿನ್ನುತ್ತಿದ್ದ ನೆರೆಯವರು ಹತ್ತಿರಕ್ಕೆ ಸರಿದರು. "ಚಳಿ ಶುರುವಾದಾಗಿಂದ ನನಗೆ ಕೆಂಪೂ ಇಲ್ಲ, ಹಸಿರೂ ಇಲ್ಲ. ಎಲ್ಲ ಹೊಗೆ. ಈ ಗಂಬಳಿ ಎರಡೂ ಕಡೆ ಇವಳದೇ. ಆ ಮೂರನೇ ಕಾಲನ್ನ ನಾನು ಜಗಳದಲ್ಲಿ ಹಾಕಿದ್ದೆ. ಇವಳು ತಣ್ಣಗೆ ಕೂತು ಹಾಕಿದ್ದಾಳೆ, ಅಷ್ಟೇ ವ್ಯತ್ಯಾಸ."

ಮಿರ್ಜಾ ಬಾಯಲ್ಲಿದ್ದ ಸಕ್ಕರೆಯನ್ನು ಕಟಕ್ಕನೆ ಕಡಿದು ನುಂಗಿದ. ಆಮೇಲೆ ಮತ್ತೊಮ್ಮೆ ಮಂಡಿಯೂರಿ ನೋಡಿದ. ಎಡಗಡೆಯಲ್ಲೂ ತಕ್ಷಣವೇ ಅವನಿಗೆ ಅಪೂರ್ವವಾದದ್ದೇನೋ ಕಾಣಿಸಿತು. ವ್ಯಾಪಾರಸ್ಥನ ಕಣ್ಣಿಗೆ ಪೊರೆ ಬರುವುದಿಲ್ಲ, ಬಂದರೂ ಬೇಗ ಹೋಗುತ್ತದೆ. ಮಾತಾದ ಬೆಲೆಯನ್ನೇ ಕೊಟ್ಟು ಗಂಬಳಿ ಸುತ್ತಿಸಿಕೊಂಡು ಹೋದ. ಅದೀಗ ಯಾವ ಗೋಡೆಯ ಮೇಲೆ, ಯಾವ ಹಳದಿ ದೀಪದ ಕೆಳಗೆ ಪುರಾತನವಾಗಿ ಕೂತಿದೆಯೋ ಗೊತ್ತಿಲ್ಲ. ಅಂಗಡಿಯವನು ಕೋಳಿಯನ್ನು ತೋರಿಸಿ ಬೇಕಂತಲೇ ಮಾಡಿದ ತಪ್ಪು ಎನ್ನುತ್ತಿದ್ದರೆ, ಅವನ ಜನ್ಮದಲ್ಲಿ ಅದೊಂದು ಮಾತು ನಿಜ.

ಎಲ್ಲರೂ ಹೋದ ಮೇಲೆ ನುಸ್ರತ್ ಖಾಲಿ ಲೋಟಗಳನ್ನು ತೊಳೆಯದೆ ಅತ್ತೆಯ ಎದುರು ಕುಕ್ಕರಿಸಿದಳು.

"ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲ ದಿನವೇ. ದಿಂಬು ತುಂಬುವಾಗ. ಗಂಟು ಹಾಕಿ ಕತ್ತರಿಸಿದ ಚೂರು ನೆಟ್ಟಗಿರುತ್ತೆ, ಬಿಚ್ಚಿದ ಚೂರು ಸುರುಳಿ ಸುತ್ತಿರುತ್ತೆ. ಅಷ್ಟೂ ಸುರುಳಿ! ನಿನ್ನ ದೆಸೆಯಿಂದ ದಿಂಬು ಮಾತ್ರ ಮೆತ್ತಗಾಯ್ತು ನೋಡು."

"ಮತ್ತೆ ಮಧ್ಯಾಹ್ನ ಮಧ್ಯಾಹ್ನ ಆ ಗೊರಕೆ?"

"ಎಚ್ಚರ ಇದ್ದು ಗೊರಕೆ ಹೊಡೆಯೋದು ಎಷ್ಟು ಕಷ್ಟ ಗೊತ್ತೇನೇ ನಿನಗೆ? ಗಂಟಲು ಹರಿದುಹೋಯ್ತು. ನೀನೋ, ಎಷ್ಟು ಹೊತ್ತಾದ್ರೂ ಮುಗಿಸ್ತಿರ್ಲಿಲ್ಲ."

ನುಸ್ರತಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಹೇಳಬಾರದಿತ್ತಾ ಅತ್ತೆ?"

ತಾವೂಸ್ ಖಾನುಂ ಮಗ್ಗದ ಕೋಣೆಯ ಕಡೆ ಮುಖ ತಿರುಗಿಸಿದಳು. "ಹೆದರಿಕೆ ಕಣೇ" ಎಂದಳು. "ಆ ಗೋಡೆ ಪಕ್ಕ ಕೂರೋಕೆ ಹೆದರಿಕೆ. ನಮ್ಮತ್ತೇನ ನಾನೇ ಕೂರಿಸಿದ್ದಲ್ವಾ."

"ಹಾಗಾದ್ರೆ ಇವತ್ತು ಯಾಕೆ ಬಾಯಿ ಬಿಟ್ಟಿರಿ? ನಾನು ಹೇಳ್ತಿರ್ಲಿಲ್ಲ."

"ಅವನು ನಿನ್ನ ಕೈ ಪಳಗಿಲ್ಲ ಅಂದ. ಆ ಮಾತು ಹೇಳೋಕೆ ಅವನ್ಯಾರು? ನಿನ್ನನ್ನ ಬೈಯೋ ಹಕ್ಕು ಈ ಊರಲ್ಲಿ ನನಗೊಬ್ಬಳಿಗೇ ಇರೋದು."

ಮುಂದಿನ ವಾರ ಹೊಸ ಗಂಬಳಿಗೆ ಹಾಸಿನ ಎಳೆಗಳನ್ನು ಮಗ್ಗಕ್ಕೆ ಬಿಗಿದರು. ಯಾದೊಲ್ಲಾ, ಪಾಪ, ಒಳ್ಳೆಯ ಮಗ, ತಾಯಿಗೆಂದು ತಾನೇ ಕೂತು ಚೆಂದದೊಂದು ಕದಿರು ಕೆತ್ತಿ ತಂದಿದ್ದ. ಗೋಡೆಯ ಬದಿಗೆ ದಿಂಬನ್ನೂ ಹಾಕಿದ, ಆ ಮೆತ್ತನೆಯ ದಿಂಬನ್ನೇ. "ಬಾಮ್ಮಾ, ಇಲ್ಲಿ ಆರಾಮಾಗಿ ಕೂತ್ಕೋ" ಎಂದ. ನುಸ್ರತಳಿಗೆ ಅವನನ್ನು ಕುರಿಗಳ ಜೊತೆಯೇ ಕಟ್ಟಿಹಾಕಬೇಕೆನಿಸಿತು.

ತಾವೂಸ್ ಖಾನುಂ ಗೋಡೆ ಹಿಡಿದುಕೊಂಡು ಬಂದಳು. ಕಾಲಿಗೆ ದಿಂಬು ತಾಗಿತು, ನಿಂತಳು. ಕದಿರನ್ನು ಬೆರಳಲ್ಲಿ ಸವರಿ, "ಚೆನ್ನಾಗಿ ಕೆತ್ತಿದ್ದೀಯ, ನಿನ್ನ ಕುರಿಗಳಿಗೆ ಕೊಡು, ನೂಲಲಿ" ಎಂದು ದಾಟಿ ಮುಂದೆ ನಡೆದಳು. ಹಲಗೆಯ ಬಲಗಡೆ ನಿಂತಿದ್ದ ನುಸ್ರತ್ ಸರಿದು ಜಾಗ ಬಿಟ್ಟಳು. ಮುದುಕಿ ಹಲಗೆಯನ್ನು ತಡವಿದಳು, ಬಲತುದಿಯನ್ನು ಮುಟ್ಟಿದಳು, ಅಲ್ಲಿ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನು ಬಿಟ್ಟು ಎಡಗಡೆಗೆ ಹೋಗಿ ಹತ್ತಿ ಕೂತಳು.

"ಅತ್ತೆ, ಅದು ನನ್ನ ಜಾಗ."

"ಆಗಿತ್ತು. ಏನು ನೋಡ್ತಾ ನಿಂತಿದ್ದೀಯ? ಹತ್ತು. ಬಣ್ಣ ಹೇಳು, ಉಂಡೆ ಕೈಗೆ ಕೊಡು. ಗಂಟು ಹಾಕೋಕೆ ನನಗೆ ಕಣ್ಣು ಬೇಕಾಗಿಲ್ಲ."

ನುಸ್ರತ್ ಬಲಗಡೆ ಕೂತಳು. ಇಷ್ಟು ವರ್ಷ ಕಾದ ಜಾಗ ಕೂತರೆ ಬರೀ ಗಟ್ಟಿ ಹಲಗೆ. ಬಣ್ಣವನ್ನು ಬಾಯೊಳಗೇ ಗೊಣಗಿದಳು.

"ಜೋರಾಗಿ ಕೂಗು. ಕಿವಿ ಇನ್ನೂ ಚೆನ್ನಾಗಿದೆ, ಆದರೂ ಯಜಮಾನಿ ಅಂದ್ಮೇಲೆ ಬೀದಿಗೆ ಕೇಳಿಸಬೇಕು."

"ಕೆಂಪು" ಎಂದಳು ನುಸ್ರತ್. ಕೆಂಪು ಉಂಡೆಯನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಆ ಬೆರಳುಗಳು ಎಳೆಗಳನ್ನು ಹುಡುಕಿ, ನೂಲು ಸುತ್ತಿ, ಕೆಳಕ್ಕೆ ಜಗ್ಗಿ, ಚಾಕುವಿನಿಂದ ಕತ್ತರಿಸಿದವು. ಅದೇ ಬಿಗಿ, ಅದೇ ಬಲಕ್ಕೆ ವಾಲಿದ ಗಂಟು. ಮುದುಕಿ ಕೈ ಮಡಿಲಲ್ಲಿಟ್ಟುಕೊಂಡು, ಮುಖ ಇವಳ ಕಡೆ ತಿರುಗಿಸಿ, ಕಾಯುತ್ತ ಕೂತಳು. ಆ ಮುಖದಲ್ಲಿ ಹೊಸ ಸೊಸೆಯ ಅಂಜಿಕೆ ಇತ್ತು. ಚೆನ್ನಾಗಿದೆ ಎನ್ನಬೇಕೆಂದು ನುಸ್ರತಳಿಗೆ ಮನಸ್ಸು ಕಿತ್ತುಬಂತು. ಹಾಗೆಂದರೆ ಇವಳನ್ನು ಗೋಡೆಯ ಪಕ್ಕ ಕೂರಿಸಿದಂತೆಯೇ ಎಂದೂ ಹೊಳೆಯಿತು. ಅವಳು ಬಗ್ಗಿ, ಗಂಟನ್ನು ಬೆರಳಲ್ಲಿ ಸವರಿದಳು.

"ಇದೇನಿದು ಅತ್ತೆ, ಗಂಟೋ ಕುರಿ ಹಿಕ್ಕೆಯೋ?"

ತಾವೂಸ್ ಖಾನುಮಳ ಹೆಗಲು ಸಡಿಲಾಯಿತು. ಹಲ್ಲಿಲ್ಲದ ಬಾಯಿ ಅಗಲವಾಯಿತು.

"ಹೂಂ, ಮುಂದಿನ ಬಣ್ಣ ಹೇಳು" ಎಂದು ಕೈ ಚಾಚಿದಳು.